ಅಣ್ಣನಿಗೆ ಹೇಳುತ್ತಿದ್ದ ಕಡಲು

ಇದನ್ನು ಓದಲು ಕೂತ ಎಲ್ಲರಿಗೂ ನಮಸ್ಕಾರ. ನಾನು ಒಂದೇ ಬೆರಳಿನಲ್ಲಿ ಟೈಪ್ ಮಾಡುವವನು. ಒತ್ತಕ್ಷರ ಹುಡುಕುವಷ್ಟರಲ್ಲಿ ಹೇಳಬೇಕಾದ ಮಾತು ಮರೆತುಹೋಗುತ್ತದೆ, ಅದು ನೆನಪಾಗುವಷ್ಟರಲ್ಲಿ ಚಹಾ ತಣ್ಣಗಾಗಿರುತ್ತದೆ. ಏಳನೇ ಇಯತ್ತೆಗೆ ಶಾಲೆ ಬಿಟ್ಟು ದೋಣಿ ಹತ್ತಿದವನು ನಾನು. ಮದುವೆಯಾದ ಮೇಲೆ ಹೆಂಡತಿಯ ಒತ್ತಾಯಕ್ಕೆ ಹತ್ತನೆಯದನ್ನು ಹೊರಗಿನಿಂದ ಕಟ್ಟಿ ಪಾಸು ಮಾಡಿದೆ, ಆಮೇಲೆ ಐಟಿಐ. ತಪ್ಪು ಕಂಡಲ್ಲಿ ದಯವಿಟ್ಟು ಮನಸ್ಸಿನಲ್ಲೇ ತಿದ್ದಿಕೊಂಡು ಮುಂದೆ ಹೋಗಿ. ದೊಡ್ಡ ವಿಷಯ ಬರೆಯುವ ಯೋಗ್ಯತೆ ನನಗಿಲ್ಲ. ಯುದ್ಧ, ಗೂಢಚಾರರು ಅಂತೆಲ್ಲ ಪೇಪರಿನಲ್ಲಿ ಓದುವ ಸಂಗತಿ ನಮ್ಮ ಅಡಿಗೆಮನೆಯ ಮೇಜಿನವರೆಗೆ ಹೇಗೆ ಬಂತು ಎಂಬುದನ್ನಷ್ಟೇ ಹೇಳುತ್ತೇನೆ.

ನಾನಿರುವುದು ಸ್ವೀಡನ್ನಿನ ದಕ್ಷಿಣದ ಕಾರ್ಲ್‌ಸ್ಕ್ರೂನಾದಲ್ಲಿ. ಇಲ್ಲಿನ ಕನ್ನಡದವರಲ್ಲಿ ಹೆಚ್ಚಿನವರು ಬೆಂಗಳೂರಿನವರು, ಕಂಪ್ಯೂಟರ್ ಕೆಲಸದವರು. ನಾನು ದೋಣಿ ಎಂಜಿನ್ ರಿಪೇರಿಯವನು. ಗಲ್ಫಿನ ಹಡಗು ಯಾರ್ಡಿನಲ್ಲಿದ್ದಾಗ ಪರಿಚಯದವರೊಬ್ಬರಿಂದ ಇಲ್ಲಿಯ ಒಂದು ಸಣ್ಣ ಯಾರ್ಡಿನ ಕೆಲಸ ಗೊತ್ತಾಯಿತು. ಆ ಕೆಲಸದ ಮೇಲೆಯೇ ಈ ದೇಶದಲ್ಲಿರಲು ನನ್ನ ಪರವಾನಗಿ, ನನ್ನ ಪರವಾನಗಿಯ ಮೇಲೆ ಹೆಂಡತಿ ಮಗಳದ್ದು. ಹೆಂಡತಿ ಡಾಗಿಸ್‌ನಲ್ಲಿ, ಅಂದರೆ ಸಣ್ಣ ಮಕ್ಕಳನ್ನು ಬಿಡುವ ಶಾಲೆಯಲ್ಲಿ, ಅಡಿಗೆಗೆ ಸಹಾಯ ಮಾಡುತ್ತಾಳೆ. ಮಗಳಿಗೆ ಕನ್ನಡದಲ್ಲಿ ಕೇಳಿದರೆ ಸ್ವೀಡಿಷಿನಲ್ಲಿ ಉತ್ತರ.

ಯಾರ್ಡಿನ ಯಜಮಾನ ವಯಸ್ಸಾದವನು, ಒಳ್ಳೆಯವನು. ಇಲ್ಲಿ ಯಜಮಾನನನ್ನೂ ಹೆಸರು ಹಿಡಿದೇ ಕರೆಯಬೇಕು. ನನಗೆ ಬಾಯಿ ಬರಲಿಲ್ಲ. ಮೊದಲ ವರ್ಷ ಪೂರ್ತಿ ಅವನ ಎದುರು ಹೋಗಿ ನಿಂತು ಕೆಮ್ಮುತ್ತಿದ್ದೆ. ಅವನು ನನಗೆ ಎದೆಯ ಕಾಯಿಲೆ ಎಂದು ತಿಳಿದು ಡಾಕ್ಟರ ಹತ್ತಿರ ಕಳಿಸಿದ.

ಊರಿನ ನಮ್ಮ ಮನೆಯಲ್ಲಿ ಒಂದು ರೂಢಿ ಇತ್ತು. ಬಂದವರಿಗೆ ಊಟ ಆಯಿತಾ ಎಂದು ಕೇಳುವುದು ಎರಡನೆಯದು. ಮೊದಲು ಕೇಳುವುದು ಕಡಲು ಹೇಗಿದೆ ಎಂದು. ದಂಡೆಯ ಕಡೆಯಿಂದ ಯಾರೇ ಬರಲಿ, ಮೀನು ಮಾರಿ ಬಂದ ಹೆಂಗಸರಾಗಲಿ, ಸುಮ್ಮನೆ ಕಾಲು ತೊಳೆದು ಬಂದವರಾಗಲಿ, ಹೇಳಲೇಬೇಕು. ಹೇಳುವುದಕ್ಕೂ ಒಂದು ಕ್ರಮ. ಮೊದಲು ಗಾಳಿ, ಆಮೇಲೆ ನೀರಿನ ಬಣ್ಣ, ಆಮೇಲೆ ಹಕ್ಕಿ ಎಲ್ಲಿ ಕೂತಿವೆ, ಕೊನೆಗೆ ಯಾರ ದೋಣಿ ಎಲ್ಲಿದೆ. ಈ ಕ್ರಮ ತಪ್ಪಿದರೆ ನನ್ನ ಅಣ್ಣ ಮತ್ತೆ ಮೊದಲಿನಿಂದ ಹೇಳಿಸುತ್ತಿದ್ದ. ಅವನು ತಾಂಡೇಲ, ದೋಣಿ ನಡೆಸುವವನು. ಅವನ ಮಾತಿನ ಮೇಲೆ ದೋಣಿ ಹೊರಡುತ್ತಿತ್ತು, ನಿಲ್ಲುತ್ತಿತ್ತು.

ನಮ್ಮ ಕರಾವಳಿಗೆ ನೌಕಾನೆಲೆ ಬಂದಾಗ ನಮ್ಮ ಊರನ್ನೇ ಎಬ್ಬಿಸಿದರು. ಅದರ ಬಗ್ಗೆ ಈಗ ದೂರು ಹೇಳಲು ಕೂತಿಲ್ಲ. ದೇಶಕ್ಕೆ ಬೇಕಿತ್ತು, ಕೊಟ್ಟೆವು. ಗುಡ್ಡದ ಆಚೆ ಹೆದ್ದಾರಿಯ ಬದಿಗೆ ಕಾಲನಿ ಮಾಡಿಕೊಟ್ಟರು. ಮನೆ ಗಟ್ಟಿಯಾಗಿಯೇ ಇದೆ. ಕಡಲಿನ ಸದ್ದು ಮಾತ್ರ ಬರುವುದಿಲ್ಲ, ಲಾರಿಯದ್ದು ಬರುತ್ತದೆ. ಅಣ್ಣ ಮೊದಲು ಬಸ್ಸು ಹತ್ತಿ ಬಂದರಿಗೆ ಹೋಗಿ ಬರುತ್ತಿದ್ದ. ನಾನು ಸ್ವೀಡನ್ನಿಗೆ ಬಂದ ಮೊದಲ ಚಳಿಗಾಲದಲ್ಲಿ ಅವನಿಗೆ ಲಕ್ವ ಹೊಡೆಯಿತು. ಬಲಗಾಲು, ಬಲಗೈ ಹೋಯಿತು. ಬಾಯಿ ಉಳಿಯಿತು. ಅತ್ತಿಗೆ ಹೇಳುವ ಪ್ರಕಾರ ಉಳಿಯಬೇಕಾದ್ದು ಕಾಲು, ಹೋಗಬೇಕಾದ್ದು ಬಾಯಿ, ದೇವರಿಗೆ ಎಡಬಲ ತಿಳಿಯಲಿಲ್ಲ.

ಆಗಿನಿಂದ ನಾನು ಕೆಲಸ ಬಿಟ್ಟ ಮೇಲೆ ಬಸ್ ಸ್ಟಾಪಿನ ಬೆಂಚಿನಲ್ಲಿ ಕೂತು ಮೊಬೈಲಿನಲ್ಲಿ ಮಾತು ರೆಕಾರ್ಡ್ ಮಾಡಿ ಅಣ್ಣನಿಗೆ ದನಿ ಕಳಿಸುತ್ತಿದ್ದೆ. ಆ ಬೆಂಚಿನಿಂದ ನೀರು, ದ್ವೀಪಗಳು, ಹೋಗಿ ಬರುವ ದೋಣಿಗಳು ಎಲ್ಲ ಕಾಣುತ್ತವೆ. ನಮಗೆ ಮಧ್ಯಾಹ್ನ ಇಳಿಯುವ ಹೊತ್ತು, ಅವರಿಗೆ ದೀಪ ಹಚ್ಚಿಯಾದ ಹೊತ್ತು. ಗಾಳಿ, ನೀರು, ಹಕ್ಕಿ, ದೋಣಿ, ಎಲ್ಲ ಅದೇ ಕ್ರಮದಲ್ಲಿ.

ಮೊದಮೊದಲು ಅವನು ಒಪ್ಪಲಿಲ್ಲ. ಈ ಕಡಲಿಗೆ ಏರಿಳಿತ ಇಲ್ಲ, ಉಪ್ಪು ಕಡಿಮೆ, ಚಳಿ ಜೋರಾದರೆ ಅಂಚು ಗಟ್ಟಿಯಾಗುತ್ತದೆ ಎಂದು ಹೇಳಿದೆ.

"ಭರತ ಇಲ್ಲ, ಇಳಿತ ಇಲ್ಲ, ಉಪ್ಪೂ ಇಲ್ಲ. ತಮಾ, ಅದು ಕಡಲಲ್ಲ ಮಾರಾಯಾ, ಕೆರೆ. ನಿನ್ನನ್ನ ಯಾರೋ ಮೋಸ ಮಾಡಿ ಕೆರೆ ದಂಡೆಗೆ ಕರ್ಕೊಂಡು ಹೋಗಿದಾರೆ."

ಆದರೆ ಕೇಳುವುದು ಬಿಡಲಿಲ್ಲ. ಆಮೇಲೆ ಗೊತ್ತಾಯಿತು, ಅವನೊಬ್ಬನೇ ಕೇಳುವುದಲ್ಲ. ಸಂಜೆ ಕಾಲನಿಯ ಹಳೆಯ ಮೀನುಗಾರರೆಲ್ಲ ಅವನ ಜಗಲಿಗೆ ಬಂದು ಕೂರುತ್ತಿದ್ದರು. ಅತ್ತಿಗೆ ಮೊಬೈಲನ್ನು ಸ್ಟೀಲ್ ಚೊಂಬಿನೊಳಗೆ ಇಟ್ಟು ದನಿ ಜೋರು ಮಾಡುತ್ತಿದ್ದಳು. ಎಲ್ಲರೂ ಕಡಲು ಬಿಟ್ಟವರು. ಕೇಳಿ ಆದ ಮೇಲೆ ಈ ಗಾಳಿಗೆ ಬಲೆ ಎಲ್ಲಿ ಬಿಡಬೇಕು ಎಂದು ವಾದ ಮಾಡುತ್ತಿದ್ದರಂತೆ. ಯಾರೂ ಕಾಣದ ನೀರಿಗೆ ಯಾರೂ ಬಿಡದ ಬಲೆ. ಅದನ್ನು ಕೇಳಿದ ಮೇಲೆ ಒಂದು ದಿನವೂ ತಪ್ಪಿಸಲು ಮನಸ್ಸಾಗಲಿಲ್ಲ. ಮಳೆ, ಹಿಮ, ಮೈಕೈ ನೋವು, ಏನಿದ್ದರೂ ಬೆಂಚಿಗೆ ಹೋಗಿ ಕೂರುತ್ತಿದ್ದೆ.

ಈ ನಡುವೆ ಇಲ್ಲಿನ ಗಾಳಿ ಬದಲಾಯಿತು. ಇದು ಯಾರ ಜಗಳಕ್ಕೂ ಹೋಗದ ದೇಶ ಎಂದು ಬರುವಾಗ ಕೇಳಿದ್ದೆ. ಯಜಮಾನನ ಅಪ್ಪ, ಅಜ್ಜ ಎಲ್ಲ ಹಾಗೇ ಬದುಕಿದವರು, ಎರಡೂ ಕಡೆಯವರ ನಡುವೆ ಉಸಿರು ಹಿಡಿದುಕೊಂಡು. ಈಗ ಪೂರ್ವದಲ್ಲಿ ಯುದ್ಧ ಶುರುವಾಗಿ ದೇಶ ಒಂದು ಕಡೆ ಸೇರಿಯೇ ಬಿಟ್ಟಿತು. ಯುದ್ಧ ಬಂದರೆ ಏನು ಮಾಡಬೇಕು ಎಂಬ ಪುಸ್ತಿಕೆ ಎಲ್ಲರ ಮನೆಗೂ ಬಂತು. ಹೆಂಡತಿ ನೀರಿನ ಕ್ಯಾನು ತಂದು ನೆಲಮಾಳಿಗೆಯಲ್ಲಿಟ್ಟಳು, ಅವಲಕ್ಕಿಯನ್ನೂ ಇಟ್ಟಳು. ಕಡಲಡಿಯ ಕೇಬಲ್ ಯಾರೋ ಕಡಿದರು, ಯಾವುದೋ ಹಡಗು ಲಂಗರು ಎಳೆದುಕೊಂಡು ಹೋಯಿತು ಎಂದು ಫೀಕಾದಲ್ಲಿ, ಅಂದರೆ ಕಾಫಿ ಹೊತ್ತಿನಲ್ಲಿ, ಇದೇ ಮಾತು.

ಯಜಮಾನ ಒಂದು ಹಳೆಯ ಕಥೆ ಹೇಳುತ್ತಿದ್ದ. ಅವನು ಹರೆಯದವನಿದ್ದಾಗ ಹೊರದೇಶದ ಜಲಾಂತರ್ಗಾಮಿಯೊಂದು ಇದೇ ದ್ವೀಪಗಳ ನಡುವೆ ಬಂಡೆಗೆ ಸಿಕ್ಕಿಕೊಂಡಿತ್ತು. ಸೈನ್ಯಕ್ಕಿಂತ ಮೊದಲು ಅದನ್ನು ನೋಡಿದವರು ಮೀನುಗಾರರು. ಕಥೆ ಮುಗಿದಾಗಲೆಲ್ಲ ನನ್ನ ಕಡೆ ತಿರುಗಿ, ನೀನೂ ಮೀನುಗಾರ, ಕಣ್ಣು ತೆರೆದಿಡು, ಸಿಕ್ಕರೆ ನನಗೂ ಒಂದು ಪದಕ ಕೊಡಿಸು ಎಂದು ನಗುತ್ತಿದ್ದ.

ಈ ಊರಿನಲ್ಲೂ ಒಂದು ನೌಕಾನೆಲೆ ಇದೆ, ಅದರ ಸುತ್ತ ಹಳದಿ ಬೋರ್ಡುಗಳಿವೆ. ಫೋಟೋ ತೆಗೆಯಬಾರದು ಎಂದು ಹಲವು ಭಾಷೆಯಲ್ಲಿ ಬರೆದಿದೆ. ಇಂಥ ಬೋರ್ಡು ನನಗೆ ಹೊಸದಲ್ಲ, ನಮ್ಮ ಊರನ್ನು ಕಂಡವರಿಗೆ ಬೋರ್ಡಿನ ಅರ್ಥ ಬಿಡಿಸಿ ಹೇಳಬೇಕಾಗಿಲ್ಲ. ಬೆಂಗಳೂರಿನ ಪರಿಚಯದವರು ಹೊಸದಾಗಿ ಬಂದು ಕಡಲ ಕಡೆ ಮೊಬೈಲ್ ಎತ್ತಿದರೆ ನಾನೇ ಕೈ ಹಿಡಿದು ಇಳಿಸಿದ್ದೇನೆ. ಇಷ್ಟು ವರ್ಷದಲ್ಲಿ ಅಣ್ಣನಿಗೆ ಆ ಕಡೆಯ ಒಂದು ಚಿತ್ರ ಕಳಿಸಿದವನಲ್ಲ. ಬಾಯಿಯಲ್ಲಿ ಹೇಳುವುದೂ ಚಿತ್ರವೇ ಎಂದು ಮಾತ್ರ ಹೊಳೆಯಲಿಲ್ಲ.

ಒಂದು ದಿನ ಮಾಮೂಲಿನಂತೆ ಹೇಳಿದೆ. ನೌಕಾಪಡೆಯ ಬೂದು ದೋಣಿಗಳನ್ನು ಮೊದಲು ಒಂದೇ ಧಕ್ಕೆಯಲ್ಲಿ ಕಟ್ಟಿರುತ್ತಿದ್ದರು, ಈಗ ಅಲ್ಲೊಂದು ಇಲ್ಲೊಂದು ದ್ವೀಪಗಳ ಮರೆಯಲ್ಲಿ ನಿಲ್ಲುತ್ತಿವೆ ಎಂದು. ಅಣ್ಣನ ಉತ್ತರ ಬಂತು.

"ಒಂದೇ ಕಡೆ ಕಟ್ಟಿದ್ರೆ ಒಂದೇ ಗಾಳಿಗೆ ಎಲ್ಲಾ ಹೋಗ್ತದೆ ತಮಾ. ನಾವೂ ತೂಫಾನಿಗೆ ಮೊದ್ಲು ಹೀಗೇ ಬೇರೆ ಬೇರೆ ಕೋಡಿಯಲ್ಲಿ ಕಟ್ತಿದ್ವಲ್ಲ. ಅವ್ರು ಗಾಳಿ ಕಾಯ್ತಿದಾರೆ."

ಜಗಲಿಯವರಿಗೆ ಈ ಮಾತು ಬಹಳ ಹಿಡಿಸಿತು. ಅವರಲ್ಲೊಬ್ಬರು ನನ್ನ ದನಿಯನ್ನೂ ಅಣ್ಣನ ದನಿಯನ್ನೂ ತಮ್ಮ ವಾಟ್ಸಾಪ್ ಗುಂಪಿಗೆ ಹಾಕಿದರು. ಊರು ಬಿಟ್ಟ ಮೀನುಗಾರರ ಗುಂಪು ಅದು. ಬೇರೆ ಬೇರೆ ದೇಶಗಳಲ್ಲಿ ದೋಣಿ ಕೆಲಸಕ್ಕೆ ಹೋದವರೂ ಇದ್ದರು, ಅವರ ಪರಿಚಯದವರೂ ಸೇರಿಕೊಂಡಿದ್ದರು. ಕೆಲವು ದಿನ ಕಳೆದ ಮೇಲೆ, ನನಗೆ ಗೊತ್ತಿಲ್ಲದೆ, ಅಣ್ಣನಿಗೆ ಗುರುತಿಲ್ಲದ ನಂಬರಿನಿಂದ ಒಬ್ಬ ಹರಕು ಹಿಂದಿಯಲ್ಲಿ ದನಿ ಕಳಿಸತೊಡಗಿದ. ತಾನು ದೂರದ ಬಂದರಿನವನು, ಎಲ್ಲಾ ದೇಶದ ಮೀನುಗಾರರ ಅನುಭವ ಕೂಡಿಸುತ್ತಿದ್ದೇನೆ, ನಿಮ್ಮಂಥ ತಾಂಡೇಲರನ್ನು ಕಂಡಿಲ್ಲ ಎಂದ. ಅಣ್ಣನಿಗೆ ಹಾಗೆ ಹೇಳಿದವರೇ ಇಲ್ಲದೆ ಎಷ್ಟೋ ಕಾಲವಾಗಿತ್ತು.

ಆಮೇಲೆ ಅಣ್ಣನ ಪ್ರಶ್ನೆಗಳು ಬದಲಾದವು. ಬೂದು ದೋಣಿ ಬೆಳಿಗ್ಗೆ ಹೊರಡುತ್ತದಾ, ಸಂಜೆಯಾ? ವಾರದಲ್ಲಿ ಯಾವ ದಿನ ಒಂದೂ ಕಾಣುವುದಿಲ್ಲ? ನಾನು ನೋಡಿ ಹೇಳಿದೆ. ಅಣ್ಣ ಕೇಳಿದ್ದಾನಲ್ಲ, ಒಮ್ಮೆ ಬಸ್ಸನ್ನೂ ಬಿಟ್ಟು ಕಾದು ನೋಡಿ ಹೇಳಿದೆ. ನಂತರ ಒಂದು ಪ್ರಶ್ನೆ ಬಂತು. ಕೇಬಲ್ಲಿನ ದೊಡ್ಡ ಉರುಳೆ ಹೊತ್ತ ದೋಣಿ ಬಂದರೆ ಯಾವ ದ್ವೀಪದ ಯಾವ ಮಗ್ಗುಲಿಗೆ ಹೋಗುತ್ತದೆ?

ನನ್ನ ಅಣ್ಣ ಅಂಥ ಪ್ರಶ್ನೆ ಕೇಳುವವನಲ್ಲ. ಅವನಿಗೆ ಕೇಬಲ್ಲೂ ಗೊತ್ತಿಲ್ಲ, ಉರುಳೆಯೂ ಗೊತ್ತಿಲ್ಲ. ಬೆಂಚಿನಿಂದಲೇ ಫೋನ್ ಮಾಡಿ, ಇದು ಯಾರ ಪ್ರಶ್ನೆ ಅಣ್ಣಾ ಎಂದೆ. ಅವನು ಸಂತೋಷದಿಂದಲೇ ಆ ಮನುಷ್ಯನ ಸಂಗತಿಯೆಲ್ಲ ಹೇಳಿದ. ಎಷ್ಟು ಮರ್ಯಾದೆ ಕೊಟ್ಟು ಮಾತಾಡುತ್ತಾನೆ, ತಾಂಡೇಲ್ ಜೀ ಎನ್ನುತ್ತಾನೆ, ನಿನಗೂ ನಮಸ್ಕಾರ ಹೇಳಿದ್ದಾನೆ ಎಂದ. ಸದ್ಯಕ್ಕೆ ಅವನಿಗೆ ಏನೂ ಕಳಿಸಬೇಡ, ಆಮೇಲೆ ಹೇಳುತ್ತೇನೆ ಎಂದು ಫೋನ್ ಇಟ್ಟೆ.

ಅದೇ ವಾರ ಯಜಮಾನ ಫೀಕಾದಲ್ಲಿ ಒಂದು ಸುದ್ದಿ ಹೇಳಿದ. ರಕ್ಷಣಾ ಪಡೆಯವರ ಸಣ್ಣ ದೋಣಿಗಳ ರಿಪೇರಿ ನಮ್ಮ ಯಾರ್ಡಿಗೆ ಬರಲಿದೆ. ಅವಕ್ಕೆ ಕೈ ಹಚ್ಚುವ ಎಲ್ಲರನ್ನೂ ಹೊರಗಿನವರು ಬಂದು ವಿಚಾರಿಸುತ್ತಾರೆ, ಹೊರದೇಶದ ಸಂಪರ್ಕ ಏನಿದ್ದರೂ ಮುಚ್ಚಿಡಬೇಡಿ. ಅವನಿಗೆ ಖುಷಿ, ಯಾರ್ಡು ಉಳಿಯುತ್ತದೆ ಎಂದು. ನಾನು ಕಚ್ಚಿದ ಬನ್ನನ್ನು ತಟ್ಟೆಗೆ ವಾಪಸ್ ಇಟ್ಟೆ. ಖಾಸಗಿ ದೋಣಿಗಳ ಕೆಲಸ ಕಡಿಮೆಯಾಗುತ್ತಾ ಬಂದಿತ್ತು. ನನ್ನ ಮೇಲೆ ಅನುಮಾನ ಬಂದರೆ ಇವನು ನನ್ನನ್ನು ಇಟ್ಟುಕೊಂಡು ಏನು ಮಾಡಿಯಾನು? ಕೆಲಸ ಹೋದರೆ ಪರವಾನಗಿ ಹೋಗುತ್ತದೆ. ಕಾಯಂ ಪರವಾನಗಿಗೆ ಅರ್ಜಿ ಹಾಕುವ ಕಾಲ ಹತ್ತಿರ ಬಂದಿತ್ತು. ಮಗಳ ಶಾಲೆ ಮುಗಿದಿರಲಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ಬೀನ್ಸ್ ಹೆಚ್ಚುತ್ತಿದ್ದಳು, ಹೆಚ್ಚುತ್ತಲೇ ಪೂರ್ತಿ ಕೇಳಿದಳು.

"ಹೇಳಿದ್ರೆ ಕೆಲಸ ಹೋಗ್ತದೆ. ಹೇಳದಿದ್ರೆ ನಿಮ್ಮ ನಿದ್ದೆ ಹೋಗ್ತದೆ. ಯಾವ್ದು ಬೇಕು ನೋಡ್ಕೊಳ್ಳಿ." ಹೆಚ್ಚಿದ್ದನ್ನು ಪಾತ್ರೆಗೆ ಹಾಕಿ ಇನ್ನೊಂದು ಮಾತು ಸೇರಿಸಿದಳು. "ನೀವು ಮಗ್ಗುಲು ಬದಲ್ಸ್ತಾ ಇದ್ರೆ ನಂಗೂ ನಿದ್ದೆ ಇಲ್ಲ. ಅದನ್ನೂ ಸೇರ್ಸಿ ನೋಡಿ."

ಅಷ್ಟರಲ್ಲಿ ಮಗಳು ಬಂದಳು. ಫೋನಿನಲ್ಲಿರುವುದನ್ನೆಲ್ಲ ಅಳಿಸಿಬಿಡಲೇ ಎಂದು ನಾನು ಕೇಳಿದ್ದಕ್ಕೆ, "ನೇಯ್, ಪಪ್ಪಾ", ಅಂದರೆ ಬೇಡ, ಎಂದಷ್ಟೇ ಹೇಳಿ ಫೋನನ್ನು ನನ್ನ ಕೈಯಿಂದ ತೆಗೆದು ಮೇಜಿನ ಮೇಲೆ ಬೋರಲು ಹಾಕಿದಳು.

ವಿಚಾರಿಸಲು ಬಂದವಳು ನನ್ನ ವಯಸ್ಸಿನ ಹೆಂಗಸು. ಯಾರ್ಡಿನ ಆಫೀಸಿನಲ್ಲಿ, ಬಾಗಿಲು ಹಾಕಿಕೊಂಡು, ಕಾಫಿ ಬನ್ನು ಮುಂದಿಟ್ಟುಕೊಂಡು. ನಮ್ಮ ಕಡೆ ಇಂಥದ್ದಕ್ಕೆ ಕರೆದರೆ ನಿಲ್ಲಿಸಿಯೇ ಕೇಳುತ್ತಾರೆ. ಇವಳು ನನ್ನ ಕಪ್ಪಿಗೆ ತಾನೇ ಕಾಫಿ ಹಾಕಿದಳು, ಅದರಿಂದ ಹೆದರಿಕೆ ಹೆಚ್ಚಾಯಿತು. ಹುಟ್ಟಿದ ಊರು, ಸಾಲಸೋಲ, ಕುಡಿತ, ಎಲ್ಲ ಕೇಳಿದಳು. ಊರಿನವರ ಜೊತೆ ಏನು ಮಾತಾಡುತ್ತೀರಿ ಎಂದು ಕೇಳಿದಾಗ ನಾನು ಫೋನು ತೆಗೆದು ಮೇಜಿನ ಮೇಲಿಟ್ಟು ಶುರುವಿನಿಂದ ಹೇಳಿದೆ. ನಮ್ಮ ಮನೆಯ ರೂಢಿ, ಕಾಲನಿ, ಲಕ್ವ, ಚೊಂಬು, ಗುಂಪು, ಆ ಮನುಷ್ಯ. ನನ್ನ ಸ್ವೀಡಿಷ್ ಅರ್ಧ, ಇಂಗ್ಲಿಷ್ ಅರ್ಧ. ಚೊಂಬನ್ನು ವಿವರಿಸುವುದೇ ಕಷ್ಟವಾಯಿತು.

ಅವಳು ನಗಲೂ ಇಲ್ಲ, ಗದರಲೂ ಇಲ್ಲ. ಒಂದು ದನಿಯನ್ನು ನನ್ನ ಕೈಯಿಂದಲೇ ಹಾಕಿಸಿ, ಸಾಲು ಸಾಲಾಗಿ ಅರ್ಥ ಹೇಳಿಸಿದಳು. ಗಾಳಿ ಇಂಥ ದಿಕ್ಕು. ನೀರು ಸೀಸದ ಬಣ್ಣ. ಹಕ್ಕಿ ಹೊರಗಿನ ಬಂಡೆಯಲ್ಲಿ. ದೋಣಿ ಇಷ್ಟು, ಇಂಥ ಕಡೆ. ನನ್ನ ಬಾಯಿಂದಲೇ ಇನ್ನೊಂದು ಭಾಷೆಯಲ್ಲಿ ಕೇಳಿದಾಗ ಅದು ಅಣ್ಣನಿಗೆ ಹೇಳಿದ ಮಾತಿನ ಹಾಗೆ ಇರಲಿಲ್ಲ. ಯಾವನೋ ಕಾವಲುಗಾರ ತನ್ನ ಮೇಲಿನವನಿಗೆ ಒಪ್ಪಿಸಿದ ಹಾಗಿತ್ತು.

ಅವಳು ಹೇಳಿದ್ದು ನನಗೆ ತಿಳಿದ ಮಟ್ಟಿಗೆ ಹೀಗೆ. "ನಿಮ್ಮ ಅಣ್ಣ ಕೇಳಿದ್ದು ಕಡಲು, ಅದನ್ನು ನಾನು ನಂಬುತ್ತೇನೆ. ಆದರೆ ಆ ಇನ್ನೊಬ್ಬ ಕೇಳಿದ್ದೂ ಇದೇ ಕಡಲು. ಮೀನುಗಾರ ನೋಡಿದ್ದು ಅಂದರೆ ಈ ಊರಿನಲ್ಲಿ ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ."

ಏನೂ ಅಳಿಸಬೇಡಿ, ಉತ್ತರವನ್ನೂ ಕೊಡಬೇಡಿ ಎಂದಳು. ಮತ್ತೊಂದು ದಿನ ಬೇರೆ ಇಬ್ಬರು ಬಂದು ಫೋನಿನಲ್ಲಿದ್ದುದನ್ನೆಲ್ಲ ನಕಲು ಮಾಡಿಕೊಂಡರು. ಅಣ್ಣನ ನಂಬರನ್ನೂ ಬರೆದುಕೊಂಡರು. ಅದರಿಂದ ಮಾತ್ರ ನನಗೆ ಬಹಳ ಸಂಕಟವಾಯಿತು. ಒಂದು ಕೈ ಏಳದ ಮನುಷ್ಯ, ಯಾವ ದೇಶದವರ ಕಡತಕ್ಕೆ ಹೋಗಿ ಕೂತನೋ.

ಆ ಸಂಜೆ ಫೋನ್ ಮಾಡಿ ಅಣ್ಣನಿಗೆ ಇನ್ನು ಮುಂದೆ ಕಡಲು ಹೇಳಲಾಗುವುದಿಲ್ಲ ಎಂದೆ. ಕಾರಣ ಹೇಳಿದೆ. ಜಗಲಿಯಲ್ಲಿ ಮಂದಿ ಇದ್ದರೆಂದು ಕಾಣುತ್ತದೆ, ಅವನು ಅತ್ತಿಗೆಗೆ ಚೊಂಬಿನಿಂದ ಮೊಬೈಲ್ ತೆಗೆ ಎಂದದ್ದು ಕೇಳಿಸಿತು. ಆ ಮನುಷ್ಯ ಮೊದಲ ದಿನವೇ ದೋಣಿಯ ಲೆಕ್ಕ ಕೇಳಿದ್ದ, ಗಾಳಿ ಕೇಳಲಿಲ್ಲ, ನೀರು ಕೇಳಲಿಲ್ಲ ಎಂದು ಅಣ್ಣ ತನ್ನಷ್ಟಕ್ಕೆ ಹೇಳಿಕೊಂಡ. ಕ್ರಮ ತಪ್ಪಿದವನನ್ನು ತಾನು ತಿದ್ದಲಿಲ್ಲ ಎಂಬುದೇ ಅವನಿಗೆ ಬೇಸರ.

"ತಪ್ಪು ನಂದು ತಮಾ. ತಾಂಡೇಲ್ ಜೀ ಅಂದ್ನಲ್ಲ, ಹಂಗೇ ತೇಲಿ ಹೋದೆ." ಮತ್ತೆ ಹೇಳಿದ. "ಊರಲ್ಲಿ ಬೇಲಿ ಹಾಕ್ದಾಗ ದೋಣಿ ಮಾತ್ರ ನಿಂತಿತ್ತು, ಈಗ ಕಡಲಿನ ಮಾತೂ ನಿಂತು ಹೋಯ್ತು. ಹೋಗ್ಲಿ ಬಿಡು. ನಿನ್ ಕೆಲಸ ಉಳೀತದಾ?"

ಗೊತ್ತಿಲ್ಲ ಎಂದೆ. ಆಗ ನಿಜವಾಗಿ ಗೊತ್ತಿರಲಿಲ್ಲ.

ತೀರ್ಮಾನ ಬರಲು ಚಳಿಗಾಲ ಪೂರ್ತಿ ಹಿಡಿಯಿತು. ಅಷ್ಟು ದಿನ ಯಜಮಾನ ಮೊದಲಿನ ಹಾಗೆಯೇ ಮಾತಾಡಿದ, ಜಲಾಂತರ್ಗಾಮಿಯ ಕಥೆ ಮಾತ್ರ ಹೇಳಲಿಲ್ಲ. ರಕ್ಷಣಾ ಪಡೆಯ ದೋಣಿಗಳಿಗೆಂದು ಕಟ್ಟಿದ ಹೊಸ ಶೆಡ್ಡಿಗೆ ಬೇರೆ ಬೀಗ ಬಂತು. ನಾನು ಕೈ ತೊಳೆದು ಬಂದರೆ ಮೇಜಿನ ಮೇಲಿನ ನಕ್ಷೆ ಮಡಿಚಿರುತ್ತಿತ್ತು. ಯಾರೂ ಕೆಟ್ಟ ಮಾತಾಡಲಿಲ್ಲ. ಆದರೂ ಮನೆಗೆ ಬರುವಷ್ಟರಲ್ಲಿ ಮೈ ಗೋಣಿಚೀಲದ ಹಾಗೆ ಭಾರವಾಗಿರುತ್ತಿತ್ತು. ಬಸ್ಸಿನಲ್ಲಿ ನೀರಿಗೆ ಬೆನ್ನು ಮಾಡಿ ಕೂರುವುದು ಅಭ್ಯಾಸವಾಯಿತು. ಕಂಡರೆ ತಾನೇ ಹೇಳಬೇಕು ಅನ್ನಿಸುವುದು.

ಹಿಮ ಕರಗುವ ಹೊತ್ತಿಗೆ ಯಜಮಾನ ಕರೆದು ಕೂರಿಸಿದ. ಈ ಸಲ ಅವನೇ ಕೆಮ್ಮಿದ. ರಕ್ಷಣಾ ಪಡೆಯ ದೋಣಿಗಳಿಗೆ ಕೈ ಹಚ್ಚಲು ನನಗೆ ಒಪ್ಪಿಗೆ ಸಿಕ್ಕಿಲ್ಲ, ಕಾರಣ ಅವರು ಕೊಡುವುದಿಲ್ಲ. ಹಳೆಯ ಶೆಡ್ಡನ್ನು ಮುಚ್ಚುವ ವಿಚಾರವಿತ್ತು, ಮುಚ್ಚುವುದಿಲ್ಲ. ಹಾಯಿದೋಣಿ, ಮೀನುದೋಣಿಗಳ ಎಂಜಿನ್ ಎಲ್ಲ ನೀನು ಅಲ್ಲಿ ನೋಡಿಕೋ, ಸಂಬಳ ಅಷ್ಟೇ ಇರುತ್ತದೆ ಎಂದ. ನೀನಾಗಿ ಹೇಳಿದೆಯಂತೆ, ಅದನ್ನು ಅವರು ನನಗೆ ಹೇಳಿದರು ಎಂದೂ ಹೇಳಿದ. ಆವತ್ತು ಮೊದಲ ಬಾರಿಗೆ ನಾನು ಅವನನ್ನು ಹೆಸರು ಹಿಡಿದು ಕರೆದು ಥ್ಯಾಂಕ್ಸ್ ಹೇಳಿದೆ. ಬಾಯಿ ತಾನಾಗಿ ಬಂತು.

ಕೆಲಸ ಉಳಿಯಿತು. ಮನೆಯಲ್ಲಿ ಹೆಂಡತಿ ಶಿರಾ ಮಾಡಿದಳು. ಸಂತೋಷಪಡಬೇಕು ಎಂದು ಗೊತ್ತಿತ್ತು. ತಿಂದು ಸೋಫಾದ ಮೇಲೆ ಹಾಗೇ ನಿದ್ದೆ ಹೋದೆ.

ಆ ಮನುಷ್ಯ ಯಾರು ಎಂದು ಯಾರೂ ನನಗೆ ಹೇಳಲಿಲ್ಲ. ನಮ್ಮ ಉತ್ತರ ನಿಂತ ಮೇಲೆ ಅವನು ಒಂದೆರಡು ಸಲ ತಾಂಡೇಲ್ ಜೀ ಎಂದು ಕರೆದು ಸುಮ್ಮನಾದ. ಗೂಢಚಾರನೋ, ಅಣ್ಣನ ಹಾಗೆ ಎಲ್ಲೋ ಕೂತು ಕಡಲಿಗೆ ಹಂಬಲಿಸುವವನೋ, ಈಗಲೂ ನನಗೆ ತೀರ್ಮಾನ ಮಾಡಲು ಬರುವುದಿಲ್ಲ. ಗಾಳಿ ಕೇಳಲಿಲ್ಲವಲ್ಲ ಎಂದು ಅಣ್ಣನಿಗೆ ಮಾತ್ರ ಅನುಮಾನವೇ ಇಲ್ಲ.

ಈಗಲೂ ದಿನಾ ಫೋನ್ ಮಾಡುತ್ತೇನೆ, ಮನೆಯಿಂದ, ಕಿಟಕಿಯಿಲ್ಲದ ಕಡೆ ಕೂತು. ಜಗಲಿಗೆ ಈಗ ಹೆಚ್ಚು ಮಂದಿ ಬರುವುದಿಲ್ಲವಂತೆ, ಟಿವಿ ನೋಡುತ್ತಾರಂತೆ. ಮೊದಮೊದಲು ನಾನು ಇಲ್ಲಿನ ತರಕಾರಿಯ ರೇಟು, ಮಗಳ ಪರೀಕ್ಷೆ ಎಂದೆಲ್ಲ ಹೇಳಿ ನೋಡಿದೆ. ಅಣ್ಣ ಹ್ಞೂಂ ಹ್ಞೂಂ ಎನ್ನುತ್ತಿದ್ದ. ಮೊನ್ನೆ ನಾನು ಫೋನ್ ಮಾಡಿದಾಗ ಅವನೇ ಮೊದಲು ಮಾತಾಡಿದ.

"ಊಟ ಆಯ್ತಾ ತಮಾ?"

ನಮ್ಮ ಮನೆಯಲ್ಲಿ ಈ ಪ್ರಶ್ನೆ ಯಾವತ್ತೂ ಮೊದಲು ಬಂದದ್ದಿಲ್ಲ. ಆಯಿತು ಎಂದೆ. ನಿನ್ನದು ಎಂದೆ. ಆಯಿತು ಎಂದ. ಅವನ ಕಡೆ ಒಂದು ಲಾರಿ ಹೋಯಿತು.

ಇದನ್ನು ಓದಿದವರಲ್ಲಿ ಹೊರದೇಶದಲ್ಲಿರುವವರು, ಊರಿನವರಿಗೆ ಏನು ಹೇಳಬಹುದು ಏನು ಹೇಳಬಾರದು ಎಂದು ಹೀಗೆ ತಡವರಿಸಿದವರು ಇದ್ದರೆ ದಯವಿಟ್ಟು ನೀವೂ ಬರೆಯಿರಿ. ನೀವು ಆಮೇಲೆ ಊರಿನವರ ಜೊತೆ ಯಾವ ಮಾತು ಆಡಿದಿರಿ ಎಂದು ತಿಳಿಸಿದರೆ ನಮಗೂ ಉಪಯೋಗವಾದೀತು. ನಾನು ನಿಧಾನಕ್ಕೆ ಓದುವವನು, ಆದರೆ ಪೂರ್ತಿ ಓದುತ್ತೇನೆ.